ಕಾವೇರಿಯ ವಿದ್ಯುತ್ತಿಗೆ ಕೂಡಿಬಂದ ಪಾಲುದಾರರು

ಮೈಸೂರಿನ ರಸ್ತೆಗಳಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಸೈಕಲ್‌ಗಳು ಓಡಾಡತೊಡಗಿದಾಗ ಜನರ ಕಣ್ಣಿಗೆ ಬಿದ್ದದ್ದು ಸೈಕಲ್ ಮಾತ್ರ. ಒಂದು ನಿಲ್ದಾಣದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟುಹೋಗುವ ಆ 450 ಸೈಕಲ್‌ಗಳ ಬೆನ್ನಿಗೆ ಒಂದು ದೊಡ್ಡ ಮೆರವಣಿಗೆಯೇ ಇತ್ತು. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ, ಮೈಸೂರು ಮಹಾನಗರ ಪಾಲಿಕೆ, ಕೇಂದ್ರ ಸರ್ಕಾರ, ವಿಶ್ವಬ್ಯಾಂಕ್, ಜಾಗತಿಕ ಪರಿಸರ ನಿಧಿ, ದಿನನಿತ್ಯದ ಉಸ್ತುವಾರಿಗೆ ಒಂದು ಖಾಸಗಿ ಸಂಸ್ಥೆ. ನಗರದ ಹೊಗೆ ತಗ್ಗಿಸುವ ಒಂದು ಪುಟ್ಟ ಕೆಲಸಕ್ಕೆ ಇಷ್ಟು ಮಂದಿಯನ್ನು ಒಂದೇ ಮೇಜಿನ ಸುತ್ತ ಕೂರಿಸಬೇಕಾಯಿತು.

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ 'ಸಹಭಾಗಿತ್ವ' ಎಂಬ ಪದವೂ ಜೊತೆಗೇ ಬರುತ್ತದೆ. ಪದ ಹೊಸದಿರಬಹುದು, ಪದ್ಧತಿ ಹೊಸದಲ್ಲ. ಮೈಸೂರು ಸಂಸ್ಥಾನ ಇಂಥದ್ದೊಂದು ಕೂಟವನ್ನು ಕಟ್ಟಿ ನೂರಿಪ್ಪತ್ತು ವರ್ಷಗಳೇ ಕಳೆದಿವೆ. ಆಗ ಇಂಗಾಲದ ಲೆಕ್ಕ ಯಾರಿಗೂ ಬೇಕಿರಲಿಲ್ಲ. ಮಳೆಯ ಭಯ ಮಾತ್ರ ಎಲ್ಲರಿಗೂ ಇತ್ತು. 1876-78ರ ಮಹಾಕ್ಷಾಮದಲ್ಲಿ ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಅಳಿದಿದ್ದರು. ಆ ನೆನಪು ಹಸಿಯಾಗಿದ್ದ ಕಾಲವದು.

ಆದರೆ ಕಾವೇರಿಯ ನೀರನ್ನು ಕಟ್ಟಿ ನಿಲ್ಲಿಸಲು ಮೈಸೂರಿಗೆ ಕೈ ಕಟ್ಟಿತ್ತು. ಮದ್ರಾಸಿನ ಒಪ್ಪಿಗೆ ಇಲ್ಲದೆ ಮುಖ್ಯ ನದಿಗಳ ಮೇಲೆ ಹೊಸ ನೀರಾವರಿ ಜಲಾಶಯ ಕಟ್ಟುವಂತಿಲ್ಲ ಎಂದು 1892ರ ಒಪ್ಪಂದ ಹೇಳುತ್ತಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಣ್ಣಿಟ್ಟದ್ದು ನೀರಿನ ಮೇಲಲ್ಲ, ಅದು ಬೀಳುವ ರಭಸದ ಮೇಲೆ. ಶಿವನಸಮುದ್ರದಲ್ಲಿ ನದಿ ಸುಮಾರು 400 ಅಡಿ ಕೆಳಕ್ಕೆ ಇಳಿಯುತ್ತದೆ. ಅಲ್ಲಿ ಚಕ್ರ ತಿರುಗಿಸಿದ ನೀರು ಮತ್ತೆ ನದಿಯನ್ನೇ ಸೇರುತ್ತದೆ, ತಂಜಾವೂರಿನ ರೈತನಿಗೆ ಒಂದು ಹನಿಯೂ ನಷ್ಟವಿಲ್ಲ. ಹಾಗಿದ್ದರೂ ನದಿಯ ಆಚೆ ದಡ ಮದ್ರಾಸಿಗೆ ಸೇರಿದ್ದರಿಂದ ಆ ಸರ್ಕಾರದೊಡನೆ ಮಾತುಕತೆ ತಪ್ಪಲಿಲ್ಲ.

ವಿದ್ಯುತ್ತನ್ನು ಉತ್ಪಾದಿಸಿದರೆ ಕೊಳ್ಳುವವರು ಯಾರು? ಆಗ ಬೆಂಗಳೂರಿನ ಬೀದಿಗಳಲ್ಲಿ ಉರಿಯುತ್ತಿದ್ದುದು ಎಣ್ಣೆ ದೀಪ. ಅಷ್ಟು ಶಕ್ತಿಯನ್ನು ಒಟ್ಟಾಗಿ ಕೊಳ್ಳಬಲ್ಲ ಗಿರಾಕಿ ಸಂಸ್ಥಾನದಲ್ಲಿ ಒಬ್ಬನೇ ಇದ್ದ, ಕೋಲಾರದ ಚಿನ್ನದ ಗಣಿ. ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಆ ಗಣಿಗಳಲ್ಲಿ ಹಬೆ ಯಂತ್ರಗಳು ದೂರದಿಂದ ತಂದ ಕಲ್ಲಿದ್ದಲನ್ನು ತಿನ್ನುತ್ತಿದ್ದವು. ಗಣಿ ಇದ್ದುದಾದರೂ ಎಲ್ಲಿ? ಜಲಪಾತದಿಂದ 92 ಮೈಲಿ ದೂರದಲ್ಲಿ. ಅಷ್ಟು ದೂರ ತಂತಿಯಲ್ಲಿ ವಿದ್ಯುತ್ ಹರಿಸಿದ ಉದಾಹರಣೆ ಜಗತ್ತಿನಲ್ಲೇ ಅಪರೂಪವಾಗಿತ್ತು.

ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ಮೂಲದ ಮಿಲಿಟರಿ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಇದೇ ಪ್ರಶ್ನೆ ಹೊತ್ತು 1899ರಲ್ಲಿ ಯೂರೋಪ್ ಮತ್ತು ಅಮೆರಿಕಕ್ಕೆ ಹೋದರು. ಅವರು ಹಿಂದಿರುಗಿದ ಮೇಲೆ ಕೆಲಸ ಹಂಚಿಕೆಯಾಯಿತು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು, ಖರೀದಿ ಗಣಿ ಕಂಪನಿಗಳದು, ಬಂಡವಾಳ ಸಂಸ್ಥಾನದ್ದು. ಇಲ್ಲಿ ಗಮನಿಸಬೇಕಾದ ಜಾಣ್ಮೆ ಒಂದಿದೆ. ಯಂತ್ರ ಬರುವ ಮೊದಲೇ ಗಿರಾಕಿಯ ಸಹಿ ಬಿದ್ದಿತ್ತು. ಕೊಳ್ಳುವವನು ಗಟ್ಟಿಯಾಗಿದ್ದರೆ ಹಣ ಹಾಕುವವನ ಎದೆಯೂ ಗಟ್ಟಿಯಾಗಿರುತ್ತದೆ. ಇಂದು ಸೌರ ವಿದ್ಯುತ್ ಘಟಕಗಳಿಗೆ ಇಪ್ಪತ್ತೈದು ವರ್ಷದ ಖರೀದಿ ಕರಾರು ಬರೆಯಿಸುವವರು ಮಾಡುವುದೂ ಇದನ್ನೇ.

ಭಾರಿ ಯಂತ್ರಗಳನ್ನು ರೈಲು ಮದ್ದೂರಿನವರೆಗೆ ತಂದಿತು. ಅಲ್ಲಿಂದ ಮುಂದೆ ಎತ್ತಿನ ಬಂಡಿಗಳು, ಆನೆಗಳು. 1902ರ ಜೂನ್ 30ರಂದು ಗಣಿಗೆ ವಿದ್ಯುತ್ ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರ್ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತದ ಕೊನೆಯ ದಿನಗಳವು. 1905ರಲ್ಲಿ ಬೆಂಗಳೂರಿಗೆ ಬೆಳಕು ಬಂತು. ರಾಜಧಾನಿ ಮೈಸೂರು 1908ರವರೆಗೆ ಕಾಯಬೇಕಾಯಿತು. ಗಣಿಗೆ ಮೊದಲು, ಅರಮನೆಯ ಊರಿಗೆ ಕೊನೆಗೆ. ಸಾಲ ತೀರಿಸುವ ಗಿರಾಕಿಗೆ ಅಗ್ರಪಂಕ್ತಿ ಎಂಬ ವ್ಯಾಪಾರದ ನಿಯಮವನ್ನು ಸಂಸ್ಥಾನ ಮೀರಲಿಲ್ಲ.

ಬೇಸಿಗೆಯ ತೊಡಕು

ಗಣಿ ಕೇಳುವ ವಿದ್ಯುತ್ ಹೆಚ್ಚುತ್ತ ಹೋಯಿತು. ಬೇಸಿಗೆಯಲ್ಲಿ ಕಾವೇರಿ ಮಾತ್ರ ಸೊರಗುತ್ತಿತ್ತು. ಕರಾರಿಗೆ ಋತುಮಾನ ಗೊತ್ತಿಲ್ಲವಲ್ಲ! ಮೇಲ್ಭಾಗದಲ್ಲಿ ನೀರು ಕೂಡಿಡದೆ ಬೇರೆ ದಾರಿ ಇರಲಿಲ್ಲ. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ಅಣೆಕಟ್ಟೆಯ ಯೋಜನೆ ಮುಂದಿಟ್ಟರು. ನೀರಾವರಿಯಷ್ಟೇ ಮುಖ್ಯವಾಗಿ ವಿದ್ಯುತ್ತೂ ಅದರ ಗುರಿಯಾಗಿತ್ತು. 1911ರಲ್ಲಿ ಕೆಲಸ ಆರಂಭವಾಯಿತು.

ಈಗ ಹಳೆಯ ತಕರಾರು ಮತ್ತೆ ಎದ್ದಿತು. ಇದು ನೀರನ್ನು ಹಿಡಿದಿಡುವ ಮಾತು, ಮದ್ರಾಸ್ ಸುಮ್ಮನಿರಲಿಲ್ಲ. ಭಾರತ ಸರ್ಕಾರ ಸದ್ಯಕ್ಕೆ 11 ಟಿಎಂಸಿ ಸಂಗ್ರಹಕ್ಕೆ ಮಾತ್ರ ಅನುಮತಿ ನೀಡಿತು. ಮೈಸೂರು ಒಪ್ಪಿತು, ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೇ ಹಾಕಿತು. ಇದನ್ನು ದೂರದೃಷ್ಟಿ ಎನ್ನುವವರಿದ್ದಾರೆ. ಕೆಳಗಿನ ದಡದಲ್ಲಿ ಇದಕ್ಕೆ ಬೇರೆಯೇ ಹೆಸರಿತ್ತು. 1914ರಲ್ಲಿ ಗ್ರಿಫಿನ್ ತೀರ್ಪು ಮೈಸೂರಿನ ಪರ ಬಂದರೂ ಮದ್ರಾಸ್ ಮೇಲ್ಮನವಿ ಹೋಯಿತು. ಕೊನೆಗೆ 1924ರ ಫೆಬ್ರುವರಿ 18ರಂದು ಎರಡು ಸರ್ಕಾರಗಳೂ ಸಹಿ ಹಾಕಿದವು. ಆ ಒಪ್ಪಂದದ ಮೇಲಿನ ಜಗಳ ನ್ಯಾಯಮಂಡಳಿಯನ್ನು ದಾಟಿ, 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ನಿಗದಿಪಡಿಸುವವರೆಗೂ ಎಳೆಯಿತು.

ಇಷ್ಟೆಲ್ಲ ಮಾತುಕತೆಯಲ್ಲಿ ಕೂರದಿದ್ದವರೂ ಇದ್ದರು. ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ. ಹಳೆಯ ಕನ್ನಂಬಾಡಿ ಅವುಗಳಲ್ಲಿ ಒಂದು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯ ನೀರಿನಡಿ ಸೇರಿ, ಬರಗಾಲದ ವರ್ಷಗಳಲ್ಲಿ ಮಾತ್ರ ಮೇಲೆ ಕಾಣುತ್ತಿತ್ತು. ಇತ್ತೀಚೆಗಷ್ಟೇ ಅದರ ಕಲ್ಲುಗಳನ್ನು ಬಿಡಿಸಿ ತಂದು ಹಿನ್ನೀರಿನ ದಂಡೆಯಲ್ಲಿ ಮತ್ತೆ ಜೋಡಿಸಲಾಯಿತು. ದೇವರಿಗೆ ಮರುವಸತಿ ಸಿಗಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಗಣಿ ಕಂಪನಿಗೆ ಕರಾರು ಇತ್ತು, ಮದ್ರಾಸಿಗೆ ಒಪ್ಪಂದ ಇತ್ತು. ಊರು ಬಿಟ್ಟವರ ಕೈಯಲ್ಲಿ ಇದ್ದದ್ದು ಪರಿಹಾರದ ಆದೇಶ ಮಾತ್ರ.

ಈ ವ್ಯತ್ಯಾಸ ನೆನಪಾಗುವುದು ಪಾವಗಡವನ್ನು ನೋಡಿದಾಗ. ತುಮಕೂರು ಜಿಲ್ಲೆಯ ಈ ಬರದ ನಾಡಿನಲ್ಲಿ ಸೌರ ವಿದ್ಯುತ್ ಉದ್ಯಾನ ನಿರ್ಮಿಸಲು 2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಒಂದು ಜಂಟಿ ಕಂಪನಿ ಕಟ್ಟಿದವು. ಅದು ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಸುಮಾರು 13,000 ಎಕರೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂ. ಬಾಡಿಗೆ, ಎರಡು ವರ್ಷಕ್ಕೊಮ್ಮೆ ಏರಿಕೆ. ಮಳೆ ಬಾರದಿದ್ದರೂ ಬಾಡಿಗೆ ಬರುತ್ತದೆ. 2019ರ ಕೊನೆಗೆ ಅದರ ಸಾಮರ್ಥ್ಯ 2,050 ಮೆಗಾವಾಟ್ ತಲುಪಿತು. ಕನ್ನಂಬಾಡಿಯ ರೈತನಿಗೆ ಸಿಗದ ಜಾಗ ಪಾವಗಡದ ರೈತನಿಗೆ ಮೇಜಿನ ಬಳಿ ಸಿಕ್ಕಿತು. ಆದರೆ ಅಲ್ಲೂ ಎಲ್ಲರಿಗೂ ಕುರ್ಚಿ ಇರಲಿಲ್ಲ. ಭೂಮಿಯೇ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಯಾವ ಲೆಕ್ಕದಲ್ಲಿ ಬರಬೇಕು?

ಶಿವನಸಮುದ್ರದ ಮೊದಲ ಗಿರಾಕಿ ಈಗಿಲ್ಲ. ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅದಕ್ಕೆ ನೀರು ಕೂಡಿಡಲು ಎದ್ದ ಕಟ್ಟೆ ಈಗ ಮೈಸೂರು, ಮಂಡ್ಯ, ಬೆಂಗಳೂರಿನ ಬಾಯಾರಿಕೆಯನ್ನು ಹೊತ್ತಿದೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಕೃಷ್ಣರಾಜಸಾಗರ ತುಂಬಲಿಲ್ಲ. ಮಳೆಗಾಲ ಬಂತೆಂದರೆ ಮೈಸೂರಿನ ಮನೆಗಳಲ್ಲಿ ಬೆಳಗಿನ ಕಾಫಿಯ ಜೊತೆ ಪತ್ರಿಕೆಯ ಒಂದು ಪುಟ್ಟ ಚೌಕವನ್ನು ಮೊದಲು ಓದುವವರಿದ್ದಾರೆ. ಅದರಲ್ಲಿ ಇಂದಿನ ನೀರಿನ ಮಟ್ಟ ಇರುತ್ತದೆ, ಪಕ್ಕದಲ್ಲಿ ಗರಿಷ್ಠ ಮಟ್ಟ: 124.80 ಅಡಿ.