ಟೋಪಿ ಹಾರಿಸುವ ಹಬ್ಬ, ಮಾರ್ಕ್ಸ್ ಕಾರ್ಡಿನ ಹಬ್ಬ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋ ನೋಡೋಕೆ ಟೈಮ್ ಆಗದವರು, ಮೆಟ್ರೋದಲ್ಲಿ ಕೂತು ಓದುವವರು ಇಲ್ಲೇ ಓದಿಕೊಳ್ಳಬಹುದು.

ಮೇ–ಜೂನ್ ತಿಂಗಳು ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಫೋಟೋ ಬರುತ್ತವೆ. ಒಂದು ಡಲ್ಲಾಸ್‌ನಿಂದಲೋ ಸಿಯಾಟಲ್‌ನಿಂದಲೋ. ಅಲ್ಲಿರುವ ಅಣ್ಣನ ಮಗಳು ಉದ್ದನೆಯ ಗೌನು ಹಾಕಿ, ತಲೆ ಮೇಲೆ ಚೌಕಾಕಾರದ ಟೋಪಿ ಇಟ್ಟು ನಗುತ್ತಾ ನಿಂತಿರುತ್ತಾಳೆ. ಇನ್ನೊಂದು ಪುಣೆಯಿಂದಲೋ ಹೈದರಾಬಾದಿನಿಂದಲೋ ಬರುತ್ತದೆ. ಅದರಲ್ಲಿ ಮಗುವಿನ ಮುಖ ಇರಲ್ಲ, ಮಾರ್ಕ್ಸ್ ಕಾರ್ಡಿನ ಸ್ಕ್ರೀನ್‌ಶಾಟ್ ಇರುತ್ತೆ. ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ ವಯಸ್ಸು, ಇಬ್ಬರೂ ಮಾಡಿದ್ದು ಒಂದೇ ಕೆಲಸ: ಹನ್ನೆರಡು ವರ್ಷದ ಶಾಲೆ ಮುಗಿಸಿದ್ದು. ಹಾಗಿದ್ರೆ ಒಂದು ಫೋಟೋದಲ್ಲಿ ಮಗು, ಇನ್ನೊಂದರಲ್ಲಿ ನಂಬರು. ಯಾಕೆ ಹೀಗಾಯ್ತು? ಇದು ಸಂಸ್ಕೃತಿಯ ಪ್ರಶ್ನೆ ಅನ್ನಿಸಬಹುದು. ಆದರೆ ಇದರಲ್ಲಿ ಇತಿಹಾಸವೇ ಜಾಸ್ತಿ ಇದೆ.

ಮೊದಲು ಗೌನಿನ ಕಥೆ. ಯುರೋಪಿನ ಮಧ್ಯಯುಗದ ವಿಶ್ವವಿದ್ಯಾಲಯಗಳಲ್ಲಿ ಓದುವವರು, ಓದಿಸುವವರು ಹೆಚ್ಚಾಗಿ ಚರ್ಚಿಗೆ ಸೇರಿದವರು. ಅವರ ದಿನನಿತ್ಯದ ಉಡುಪೇ ಉದ್ದನೆಯ ನಿಲುವಂಗಿ. ಕಟ್ಟಡಗಳಲ್ಲಿ ಬೆಚ್ಚಗಿಡುವ ವ್ಯವಸ್ಥೆ ಇಲ್ಲ, ಕೊರೆಯುವ ಚಳಿ. ಹಾಗಾಗಿ ಅದು ಅಲಂಕಾರಕ್ಕಿಂತ ಹೆಚ್ಚಾಗಿ ಅಗತ್ಯವಾಗಿತ್ತು. ಕಾಲ ಹೋದ ಹಾಗೆ ಬೀದಿಯ ಜನ ಉಡುಪು ಬದಲಿಸಿದರು, ವಿಶ್ವವಿದ್ಯಾಲಯಗಳು ಬದಲಿಸಲಿಲ್ಲ. ಅಮೆರಿಕದಲ್ಲಿ ಇದಕ್ಕೊಂದು ಶಿಸ್ತು ಬಂದದ್ದು 1895ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಭೆ ಸೇರಿ ಯಾವ ಪದವಿಗೆ ಎಂಥ ಗೌನು, ಯಾವ ವಿಷಯಕ್ಕೆ ಯಾವ ಬಣ್ಣ ಅಂತ ನಿಯಮ ಮಾಡಿದರು. ಇದರ ಹಿಂದೆ ಇದ್ದವರಲ್ಲಿ ಒಬ್ಬರು ಗಾರ್ಡ್ನರ್ ಕಾಟ್ರೆಲ್ ಲೆನಾರ್ಡ್. ಅವರ ಮನೆಯವರದ್ದು ಆಲ್ಬನಿ ಊರಿನಲ್ಲಿ ಬಟ್ಟೆ ವ್ಯಾಪಾರ! 1887ರಲ್ಲಿ ವಿಲಿಯಮ್ಸ್ ಕಾಲೇಜಿನ ತಮ್ಮದೇ ಕ್ಲಾಸಿಗೆ ಗೌನು ವಿನ್ಯಾಸ ಮಾಡಿದ್ದವರು. ಸಂಪ್ರದಾಯ ಮತ್ತು ವ್ಯಾಪಾರ ಕೈಕೈ ಹಿಡಿದು ಬರೋದು ಎಲ್ಲ ಕಡೆ ಇದ್ದದ್ದೇ.

ಆದರೆ ಇದೆಲ್ಲ ಕಾಲೇಜಿನ ಮಾತು. ಹೈಸ್ಕೂಲಿಗೆ ಇದು ಇಳಿದು ಬಂದದ್ದು ಹೇಗೆ?

ಅಮೆರಿಕದ ಮೊದಲ ಸಾರ್ವಜನಿಕ ಹೈಸ್ಕೂಲು ಶುರುವಾಗಿದ್ದು 1821ರಲ್ಲಿ, ಬಾಸ್ಟನ್ನಿನಲ್ಲಿ. ಮುಂದೆ ಎಷ್ಟೋ ದಶಕ ಹೈಸ್ಕೂಲು ಅಂದ್ರೆ ಕೆಲವರಿಗೆ ಮಾತ್ರ. ಮಿಷಿಗನ್ನಿನ ಕಲಮಜೂ ಊರಿನಲ್ಲಿ ಕೆಲವು ಆಸ್ತಿವಂತರು ಕೋರ್ಟಿಗೇ ಹೋದರು. ಪ್ರಾಥಮಿಕ ಶಾಲೆಗೆ ತೆರಿಗೆ ಕೊಡ್ತೀವಿ, ಹೈಸ್ಕೂಲಿಗೆ ನಾವ್ಯಾಕೆ ಕೊಡಬೇಕು ಅನ್ನೋದು ಅವರ ವಾದ. 1874ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟು, ಊರಿನ ತೆರಿಗೆ ಹಣದಲ್ಲಿ ಹೈಸ್ಕೂಲು ನಡೆಸಬಹುದು ಅಂತ ತೀರ್ಪು ಕೊಟ್ಟಿತು. ಆಮೇಲೆ ಬೇರೆ ರಾಜ್ಯಗಳಿಗೂ ಅದು ದಾರಿಯಾಯ್ತು. ಆದರೂ 1910ರಲ್ಲಿ ಹೈಸ್ಕೂಲು ಮುಗಿಸುತ್ತಿದ್ದವರು ಆ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 9 ಜನ. 1940ರ ಹೊತ್ತಿಗೆ ಅದು ಅರ್ಧದಷ್ಟಾಯಿತು. ಮೂವತ್ತೇ ವರ್ಷದಲ್ಲಿ ಈ ಬದಲಾವಣೆ!

ಇದನ್ನ ಮನಸ್ಸಲ್ಲಿಟ್ಟುಕೊಳ್ಳಿ, ಅಲ್ಲಿಯ ಹಬ್ಬದ ಬೇರು ಇಲ್ಲೇ ಇದೆ. ಊರು ತೆರಿಗೆ ಕೊಟ್ಟು ಕಟ್ಟಿದ ಶಾಲೆ, ಹಾಗಾಗಿ ಮಕ್ಕಳು ಮುಗಿಸಿದಾಗ ನೋಡೋಕೆ ಊರೇ ಬಂತು. ರೈತನ ಮಗಳು, ಗಿರಣಿ ಕಾರ್ಮಿಕನ ಮಗ, ಮನೆತನದಲ್ಲೇ ಮೊದಲ ಬಾರಿಗೆ ಹೈಸ್ಕೂಲು ಮುಗಿಸಿದ್ದಾರೆ. ಮುಂದೆ ಕಾಲೇಜಿಗೆ ಹೋಗುವವರು ಅವರಲ್ಲಿ ಕಡಿಮೆ. ಬಹಳ ಜನಕ್ಕೆ ಅದೇ ಕೊನೆಯ ಸರ್ಟಿಫಿಕೇಟು, ಆದ್ದರಿಂದ ಅದನ್ನೇ ದೊಡ್ಡದಾಗಿ ಮಾಡಿದರು.

ಗೌನು ಬಂದದ್ದಕ್ಕೂ ಇಂಥದ್ದೇ ಕಾರಣ. ಮೊದಲು ಹುಡುಗಿಯರು ಆ ದಿನಕ್ಕೆ ಬಿಳಿ ಉಡುಪು ಹೊಲಿಸುತ್ತಿದ್ದರು. ಯಾರದ್ದು ಚೆಂದ, ಯಾರದ್ದು ದುಬಾರಿ ಅಂತ ಪೈಪೋಟಿ ಬೆಳೀತು. ಬಡವರ ಮನೆಗೆ ಅದು ಹೊರೆಯಾಯ್ತು. ಎಲ್ಲರಿಗೂ ಒಂದೇ ಗೌನು, ಬಾಡಿಗೆಗೆ ತಂದು ಹಾಕಿದ್ರೆ ಒಳಗೆ ಯಾರು ಯಾವ ಬಟ್ಟೆ ಹಾಕಿದಾರೆ ಅಂತ ಕಾಣಲ್ಲ ಅನ್ನೋ ಯೋಚನೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಶಾಲೆಗಳಿಗೆ ಹಿಡಿಸಿತು. ನಮ್ಮ ಶಾಲೆಗಳಲ್ಲಿ ಯೂನಿಫಾರ್ಮಿಗೆ ಕೊಡುವ ಕಾರಣವೂ ಇದೇ ಅಲ್ವಾ?

ಉಳಿದ ಆಚರಣೆಗಳೂ ಹೀಗೆ ಒಂದೊಂದು ಕಡೆಯಿಂದ ಬಂದು ಸೇರಿಕೊಂಡವು. ಮಕ್ಕಳು ಸಾಲಾಗಿ ನಡೆದು ಬರುವಾಗ ನುಡಿಸುವ ಆ ಗಂಭೀರ ಮಾರ್ಚ್ ಸಂಗೀತ ಇಂಗ್ಲೆಂಡಿನ ಎಡ್ವರ್ಡ್ ಎಲ್ಗರ್ ಅವರದ್ದು. 1901ರಲ್ಲಿ ಲಿವರ್‌ಪೂಲ್‌ನಲ್ಲಿ ಮೊದಲ ಪ್ರದರ್ಶನ. 1905ರಲ್ಲಿ ಯೇಲ್ ವಿಶ್ವವಿದ್ಯಾಲಯ ಎಲ್ಗರ್‌ಗೆ ಗೌರವ ಡಾಕ್ಟರೇಟ್ ಕೊಟ್ಟಾಗ ಅವರ ಗೌರವಕ್ಕೆ ಅಂತ ನುಡಿಸಿದರು. ಅದೂ ಸಮಾರಂಭ ಮುಗಿದು ಎಲ್ಲರೂ ಹೊರಗೆ ಹೋಗುವಾಗ! ಬೇರೆ ವಿಶ್ವವಿದ್ಯಾಲಯಗಳು ನೋಡಿ ಅನುಸರಿಸಿದವು, ಆಮೇಲೆ ಹೈಸ್ಕೂಲುಗಳು. ಇಂಗ್ಲೆಂಡಿನಲ್ಲಿ ಅದೇ ರಾಗ ದೇಶಭಕ್ತಿ ಗೀತೆ, ಅಮೆರಿಕದಲ್ಲಿ ಶಾಲೆ ಮುಗಿಸಿದ ಗುರುತು.

ಟೋಪಿ ಹಾರಿಸೋದರ ಕಥೆ ಇನ್ನೂ ಚೆನ್ನಾಗಿದೆ. ಅದರ ಮೂಲ ಅಂತ ಸಾಮಾನ್ಯವಾಗಿ ಹೇಳೋದು 1912ರ ಅಮೆರಿಕದ ನೌಕಾಪಡೆ ಅಕಾಡೆಮಿಯನ್ನ. ಅದಕ್ಕೆ ಮೊದಲು ಓದು ಮುಗಿಸಿದ ಹುಡುಗರು ಅಧಿಕಾರಿಗಳಾಗೋಕೆ ಇನ್ನೂ ಎರಡು ವರ್ಷ ಸಮುದ್ರದಲ್ಲಿ ಕೆಲಸ ಮಾಡಬೇಕಿತ್ತು. ಅಲ್ಲಿಯವರೆಗೂ ಹಳೆಯ ಟೋಪಿಯೇ ಗತಿ. ಆ ವರ್ಷ ಅದೇ ದಿನ ಅಧಿಕಾರಿ ಪದವಿ ಸಿಕ್ಕಿತು. ಹಳೆ ಟೋಪಿ ಇನ್ನು ಬೇಡ ಅಂತ ಖುಷಿಯಲ್ಲಿ ಎಸೆದರು. ಸಿನಿಮಾದಲ್ಲಿ ನಾವು ನೋಡುವ ದೃಶ್ಯಕ್ಕೆ ಮೂಲ ಇಷ್ಟೇ. ಟೋಪಿಯ ಕುಚ್ಚನ್ನ ಬಲದಿಂದ ಎಡಕ್ಕೆ ಸರಿಸೋದು, ಕ್ಲಾಸಿನ ಉಂಗುರ, ಬೀಳ್ಕೊಡುಗೆ ಭಾಷಣ ಎಲ್ಲ ಇದರ ಸುತ್ತ ಹೆಣೆದುಕೊಂಡವು.

ಆದರೆ ಇಡೀ ಸಮಾರಂಭದ ಜೀವ ಇರೋದು ಒಂದೇ ಒಂದು ಕ್ಷಣದಲ್ಲಿ. ಪ್ರತಿ ಮಗುವಿನ ಹೆಸರು ಕೂಗುತ್ತಾರೆ. ಮೊದಲ ರ‍್ಯಾಂಕಿನ ಮಗುವಿನದ್ದೂ, ಕಷ್ಟಪಟ್ಟು ಪಾಸಾದ ಮಗುವಿನದ್ದೂ. ವೇದಿಕೆ ದಾಟಿ ಹೋಗುವಾಗ ಮನೆಯವರು ಚಪ್ಪಾಳೆ ಹೊಡೀತಾರೆ. ಈ ಕ್ಷಣಕ್ಕೆ ಎಷ್ಟು ಬೆಲೆ ಅಂತ ಗೊತ್ತಾಗಬೇಕಾದ್ರೆ 1958ರ ಮೇ 27ಕ್ಕೆ ಹೋಗಬೇಕು.

ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಸೆಂಟ್ರಲ್ ಹೈಸ್ಕೂಲು. ಹಿಂದಿನ ವರ್ಷ ಒಂಬತ್ತು ಕಪ್ಪು ಮಕ್ಕಳು ಆ ಬಿಳಿಯರ ಶಾಲೆಗೆ ಸೇರಬೇಕಾದರೆ ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಗಿ ಬಂದಿತ್ತು. ಅವರಲ್ಲಿ ಆ ವರ್ಷ ಮುಗಿಸಿದವನು ಒಬ್ಬನೇ, ಅರ್ನೆಸ್ಟ್ ಗ್ರೀನ್. ಆರು ನೂರಕ್ಕೂ ಹೆಚ್ಚು ಮಕ್ಕಳ ಹೆಸರು ಕೂಗಿದಾಗ ಚಪ್ಪಾಳೆ ಬಿತ್ತು. ಗ್ರೀನ್ ಹೆಸರು ಕೂಗಿದಾಗ ಮೌನ. ಮನೆಯವರ ಜೊತೆ ಪ್ರೇಕ್ಷಕರಲ್ಲಿ ಕೂತಿದ್ದವರಲ್ಲಿ ಒಬ್ಬರು, ಇನ್ನೂ ಮೂವತ್ತು ತುಂಬದ ಮಾರ್ಟಿನ್ ಲೂಥರ್ ಕಿಂಗ್. ಅವನು ನಡೆದು ಹೋದ, ಡಿಪ್ಲೊಮಾ ತಗೊಂಡ, ಬಂದು ಕೂತ. ಚಪ್ಪಾಳೆ ಇಲ್ಲದಿದ್ದರೂ ಆ ಹೆಸರನ್ನ ಕೂಗಲೇಬೇಕಾಯಿತಲ್ಲ, ಗೆಲುವು ಅದೇ. ಮುಂದಿನ ಶೈಕ್ಷಣಿಕ ವರ್ಷ ಆ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದರು ಅಂದ್ರೆ, ಆ ಹೆಸರು ಎಷ್ಟು ಜನರನ್ನ ಅಲ್ಲಾಡಿಸಿರಬೇಕು ಯೋಚನೆ ಮಾಡಿ.

ಈಗ ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಯಾಕೆ ನಂಬರು?

1857ರಲ್ಲಿ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಹುಟ್ಟಿದವು. ಶಾಲೆಯ ಕೊನೆಯಲ್ಲಿ ಬರೆಯುವ ಪರೀಕ್ಷೆಯನ್ನ ನಡೆಸಿದ್ದು ಶಾಲೆ ಅಲ್ಲ, ಈ ವಿಶ್ವವಿದ್ಯಾಲಯಗಳು. ಅದರ ಹೆಸರು ಮೆಟ್ರಿಕ್ಯುಲೇಷನ್. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳೋದು ಅಂತ ಅರ್ಥ. ಅಂದ್ರೆ ನೋಡಿ, ನಮ್ಮ ಶಾಲೆಯ ಕೊನೆಯ ಪರೀಕ್ಷೆ ಹುಟ್ಟುವಾಗಲೇ ಅದು ಪ್ರವೇಶ ಪರೀಕ್ಷೆ. ಅಮೆರಿಕದ ಮಗು ತಾನು ಮುಗಿಸಿದ್ದನ್ನ ಆಚರಿಸಿತು. ನಮ್ಮ ಮಗುವಿಗೆ ಬಾಗಿಲು ತೆರೀತಾ ಇಲ್ವಾ ಅನ್ನೋದೇ ಪ್ರಶ್ನೆ. ಬಾಗಿಲ ಹತ್ರ ನಿಂತವನಿಗೆ ಹಬ್ಬ ಮಾಡೋ ಮನಸ್ಸು ಎಲ್ಲಿಂದ ಬರಬೇಕು?

ಇದರಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ್ದೂ ಇದೆ. ಧಾರವಾಡ, ಬೆಳಗಾವಿ ಕಡೆಯ ಮಕ್ಕಳು ಬರೆದಿದ್ದು ಬಾಂಬೆಯ ಮೆಟ್ರಿಕ್. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಮೈಸೂರು ಸಂಸ್ಥಾನದ ಕಾಲೇಜುಗಳೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ ಮದ್ರಾಸಿನ ಅಧೀನ. ಕಲಬುರಗಿ, ರಾಯಚೂರಿನವರು ಹೈದರಾಬಾದಿನ ಕಡೆ ನೋಡಬೇಕಿತ್ತು. ಇವತ್ತು ನೀವು ಲ್ಯಾಪ್‌ಟಾಪ್ ಹಿಡಿದು ಕೆಲಸಕ್ಕೆ ಹೋಗಿರುವ ಊರುಗಳೇ ನಿಮ್ಮ ಮುತ್ತಜ್ಜನ ಕಾಲದಲ್ಲಿ ಪಾಸೋ ಫೇಲೋ ಅಂತ ಹೇಳುತ್ತಿದ್ದ ಊರುಗಳು. ಆ ಕಾಲದಲ್ಲಿ ‘ಮೆಟ್ರಿಕ್ ಪಾಸ್’ ಅನ್ನೋದು ಹೆಸರಿಗೆ ಅಂಟಿಕೊಳ್ಳುವ ಬಿರುದು, ‘ಮೆಟ್ರಿಕ್ ಫೇಲ್’ ಕೂಡ.

ಆಮೇಲೆ ಎಸ್‌ಎಸ್‌ಎಲ್‌ಸಿ ಬಂತು. ಹೆಸರಲ್ಲೇ ನೋಡಿ, ಅದು ಶಾಲೆ ಬಿಟ್ಟು ಹೊರಡುವ ಪತ್ರ. ಮುಗಿಸಿದ್ದಕ್ಕೆ ಕೊಡುವ ಗುರುತು. ಕರ್ನಾಟಕದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ 1966ರಲ್ಲಿ ಬಂತು. ಹೆಸರು ಬದಲಾಯ್ತು, ಮನಸ್ಸು ಬಾಗಿಲಲ್ಲೇ ಉಳೀತು. ಪೇಡಾ ಹಂಚಿದ್ದು ಶಾಲೆ ಮುಗಿದ ದಿನ ಅಲ್ಲ, ರಿಸಲ್ಟ್ ಬಂದ ದಿನ.

ಕೊರೋನಾ ಕಾಲದಲ್ಲಿ ಇದು ಕಣ್ಣಿಗೆ ಕಾಣುವ ಹಾಗಾಯ್ತು. 2020ರಲ್ಲಿ ಅಮೆರಿಕದವರು ಸಂಕಟಪಟ್ಟಿದ್ದು ಸಮಾರಂಭ ತಪ್ಪಿತಲ್ಲ ಅಂತ. ಕಾರುಗಳಲ್ಲೇ ಕೂತು ಡ್ರೈವ್-ಇನ್ ಥಿಯೇಟರುಗಳಲ್ಲಿ ಸಮಾರಂಭ ಮಾಡಿದರು. ಮೇ 16ರಂದು ಮಾಜಿ ಅಧ್ಯಕ್ಷ ಒಬಾಮ ಟಿವಿಯಲ್ಲಿ ಇಡೀ ದೇಶದ ಮಕ್ಕಳಿಗೆ ಭಾಷಣ ಮಾಡಿದರು. ಅದೇ ಜೂನ್‌ನಲ್ಲಿ ಕರ್ನಾಟಕದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಮಾಸ್ಕ್ ಹಾಕಿಕೊಂಡು ಎಸ್‌ಎಸ್‌ಎಲ್‌ಸಿ ಬರೆದರು. ಅವರಿಗೆ ತಪ್ಪಬಾರದ್ದು ಹಬ್ಬ, ನಮಗೆ ತಪ್ಪಬಾರದ್ದು ಪರೀಕ್ಷೆ. ಯಾರದ್ದು ಸರಿ ಅಂತ ತೀರ್ಪು ಕೊಡೋದು ಬೇಡ. ಇಲ್ಲಿಯ ಬಡವರ ಮನೆಯ ಮಗುವಿಗೆ ಆ ಪರೀಕ್ಷೆಯೇ ಏಣಿ, ಅದನ್ನ ಮರೆಯೋ ಹಾಗಿಲ್ಲ.

ಹಾಗಂತ ಮುಗಿಸಿದ್ದನ್ನ ಆಚರಿಸೋದು ನಮಗೆ ಗೊತ್ತೇ ಇರಲಿಲ್ಲ ಅಂತಲ್ಲ. ಸಮಾವರ್ತನೆ ಅಂತ ಒಂದು ಸಂಸ್ಕಾರ. ಹಾಗಂದ್ರೆ ಹಿಂತಿರುಗಿ ಬರೋದು. ಗುರುವಿನ ಮನೆಯಲ್ಲಿ ಓದು ಮುಗಿಸಿದ ಹುಡುಗ ಸ್ನಾನ ಮಾಡಿ, ಹೊಸ ಬಟ್ಟೆ, ಪಾದರಕ್ಷೆ, ಕೊಡೆ ತಗೊಂಡು ಮನೆಗೆ ಹೊರಡುತ್ತಾನೆ. ಸ್ನಾನ ಮಾಡಿದವನು ‘ಸ್ನಾತಕ’. ನಾವು ಇವತ್ತಿಗೂ ಎಂ.ಎ., ಎಂ.ಎಸ್ಸಿ.ಗೆ ‘ಸ್ನಾತಕೋತ್ತರ’ ಅಂತೀವಲ್ಲ, ಆ ಸ್ನಾನ ಇದೇ! ತೈತ್ತಿರೀಯ ಉಪನಿಷತ್ತಿನಲ್ಲಿ ಹೊರಟು ನಿಂತ ಶಿಷ್ಯನಿಗೆ ಗುರು ಹೇಳುವ ಮಾತುಗಳಿವೆ. ಅದರಲ್ಲಿ ಒಂದು ಮಾತು ತುಂಬಾ ದೊಡ್ಡದು: ನಮ್ಮಲ್ಲಿ ಒಳ್ಳೆಯದಿದ್ದರೆ ಅದನ್ನ ಮಾತ್ರ ಅನುಸರಿಸು, ಉಳಿದದ್ದನ್ನ ಬಿಡು ಅಂತಾನೆ ಗುರು. ಆದರೆ ಈ ಸ್ನಾನ ಎಲ್ಲರಿಗೂ ಇರಲಿಲ್ಲ. ಬಹುಪಾಲು ಜಾತಿಗಳ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಆ ಬಾಗಿಲೇ ಮುಚ್ಚಿತ್ತು. ಹಳೆಯದನ್ನ ನೆನೆಯುವಾಗ ಇದನ್ನೂ ನೆನೆಯಬೇಕು.

‘ಘಟಿಕೋತ್ಸವ’ ಅನ್ನೋ ನಮ್ಮ ಪದವನ್ನೂ ನೋಡಿ. ಘಟಿಕಾ ಅಂದ್ರೆ ಹಳೆಯ ಕಾಲದ ವಿದ್ಯಾಕೇಂದ್ರ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದೋಕೆ ಕಂಚಿಯ ಘಟಿಕೆಗೆ ಹೋದ ಕಥೆ ಇದೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಯ್ತು, ಅವಮಾನ ಆಯ್ತು, ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ತಮಾಷೆ ಏನಂದ್ರೆ, ಘಟಿಕೋತ್ಸವದ ಭಾಗ್ಯ ಇಲ್ಲದವನೇ ಬನವಾಸಿಯಲ್ಲಿ ರಾಜನಾದ. ಈ ಸಲ ಮಾರ್ಕ್ಸ್ ಕಡಿಮೆ ಬಂದ ಮಕ್ಕಳಿಗೆ ಈ ಕಥೆ ಹೇಳಿ.

ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲೂ ಒಂದು ಹಬ್ಬ ಇತ್ತು, ಇದೆ. ಒಂಬತ್ತನೇ ತರಗತಿಯವರು ಹತ್ತನೆಯವರಿಗೆ ಮಾಡುವ ಬೀಳ್ಕೊಡುಗೆ. ಸರಸ್ವತಿ ಪೂಜೆ, ಗ್ರೂಪ್ ಫೋಟೋ, ಆಟೋಗ್ರಾಫ್ ಪುಸ್ತಕ, ಎಲ್ಲರೂ ದುಡ್ಡು ಹಾಕಿ ಶಾಲೆಗೆ ಕೊಡುವ ಗೋಡೆ ಗಡಿಯಾರ. ಅದು ನಡೆಯೋದು ಪರೀಕ್ಷೆಗೆ ಮೊದಲು, ಯಾರಿಗೆ ಎಷ್ಟು ನಂಬರು ಅಂತ ಗೊತ್ತಾಗೋ ಮೊದಲು. ಹಾಗಾಗಿ ಅಲ್ಲಿ ಎಲ್ಲರೂ ಸಮ. ನಮ್ಮ ನಿಜವಾದ ಗ್ರಾಜುಯೇಷನ್ ಇದೇ. ಈಗ ದೊಡ್ಡ ಊರುಗಳಲ್ಲಿ ಯುಕೆಜಿ ಮಗುವಿಗೆ ಗೌನು, ಟೋಪಿ ಹಾಕಿ ಫೋಟೋ ತೆಗೀತಾರೆ. ಹನ್ನೆರಡು ವರ್ಷ ಆದಮೇಲೆ ನಿಜವಾಗಿ ಮುಗಿಸಿದ ಮಗುವಿಗೆ ಸಿಗೋದು ಎಂಟ್ರೆನ್ಸ್ ಕೋಚಿಂಗ್‌ನ ಮುಂದಿನ ಟೆಸ್ಟ್.

2023ರಲ್ಲಿ ಸಿಬಿಎಸ್‌ಇ ಮೆರಿಟ್ ಲಿಸ್ಟ್ ಬಿಡಲ್ಲ, ಫಸ್ಟ್ ಕ್ಲಾಸ್ ಸೆಕೆಂಡ್ ಕ್ಲಾಸ್ ಅಂತ ಕೊಡಲ್ಲ ಅಂತ ಹೇಳಿತು. ಮಂಡಳಿಯೇ ಒಂದು ಹೆಜ್ಜೆ ಹಿಂದೆ ಇಟ್ಟಿದೆ. ನಮ್ಮ ಕಡೆಯಿಂದಲೂ ಒಂದು ಹೆಜ್ಜೆ ಆಗಬಹುದು. ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ವೇದಿಕೆ ಮೇಲೆ ‘ಪ್ರತಿಭಾ ಪುರಸ್ಕಾರ’ ಇರುತ್ತೆ, ಇಷ್ಟು ಪರ್ಸೆಂಟ್ ಮೇಲೆ ಬಂದವರಿಗೆ ಮಾತ್ರ. ಅದು ಇರಲಿ, ತಪ್ಪಿಲ್ಲ. ಅದರ ಜೊತೆಗೆ ಆ ವರ್ಷ ಶಾಲೆ ಮುಗಿಸಿದ ಎಲ್ಲ ಮಕ್ಕಳ ಹೆಸರನ್ನೂ ಒಂದು ಸಲ ಮೈಕಿನಲ್ಲಿ ಕರೆಯೋಕೆ ಹತ್ತು ನಿಮಿಷ ಸಾಕು. ಗೌನು ಬೇಡ, ಟೋಪಿ ಬೇಡ. ಚಿಂಚವಾಡದಲ್ಲೋ ಗಚ್ಚಿಬೌಲಿಯಲ್ಲೋ ಬೇರೆ ಭಾಷೆಯ ನಡುವೆ ಓದಿ ಮುಗಿಸಿದ ಮಗುವಿಗೆ ತನ್ನ ಹೆಸರನ್ನ ಕನ್ನಡದ ವೇದಿಕೆಯಲ್ಲಿ ಕೇಳಿಸಿಕೊಳ್ಳೋದು ಸಣ್ಣ ವಿಷಯ ಅಲ್ಲ.

ನಿಮ್ಮ ಊರಿನ ಸಂಘದಲ್ಲಿ ಹೀಗೆ ಮಾಡ್ತಿದ್ರೆ ನಮಗೆ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆಯೊಂದಿಗೆ ಸಿಗೋಣ.