ಡಾಕ್ಟರ ಗಡಿಯಾರ, ಅಪ್ಪನ ಬಸ್ಸು

ಕಳೆದ ತಿಂಗಳು ಅಪ್ಪನ ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿಹೋಯಿತು. ಬುಕ್ ಮಾಡಿದ್ದು ನಾನೇ. ಬೆಂಗಳೂರಿನ ಆಫೀಸಿನಲ್ಲಿ ಕೂತು, ಎರಡು ಮೀಟಿಂಗುಗಳ ನಡುವೆ, ತುಮಕೂರಿನ ಆಸ್ಪತ್ರೆಯೊಂದರಲ್ಲಿ ಬುಧವಾರ ಬೆಳಿಗ್ಗೆ 9 ಗಂಟೆಯ ಸ್ಲಾಟ್ ಒತ್ತಿಬಿಟ್ಟಿದ್ದೆ. ಅಪ್ಪ ಇರೋದು ತಿಪಟೂರಿನ ಆಚೆಯ ಹಳ್ಳಿಯಲ್ಲಿ. ಅಲ್ಲಿಂದ ಮೊದಲ ಬಸ್ಸು ಹೊರಡುವುದೇ ಏಳೂವರೆಗೆ.

"ಯಾಕಪ್ಪಾ ಹೋಗ್ಲಿಲ್ಲ?" ಅಂತ ರೇಗಿದೆ.

"ಬುಧವಾರ ಕೊಬ್ಬರಿ ಹರಾಜು ಕಣೋ. ನೀನು ಕೇಳ್ಲೇ ಇಲ್ವಲ್ಲ" ಅಂದರು.

ಅವರಿಗಿರೋದು ಗ್ಲಾಕೋಮಾ. ಅದರಲ್ಲಿ ಒಮ್ಮೆ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಮುಂದಿನ ಸ್ಲಾಟ್ ಇದ್ದದ್ದು ಏಳು ವಾರದ ನಂತರ. ಆವತ್ತು ರಾತ್ರಿ ನಿದ್ದೆ ಬರದೆ, ಈ ಅಪಾಯಿಂಟ್‌ಮೆಂಟ್ ಅನ್ನೋದರ ಚರಿತ್ರೆ ಕೆದಕುತ್ತಾ ಕೂತೆ.

ಅದು ನನ್ನನ್ನು ಕರೆದೊಯ್ದದ್ದು ಇಂಗ್ಲೆಂಡಿಗೆ. 1948ರಲ್ಲಿ ಅಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆಯ ರಾಷ್ಟ್ರೀಯ ಆರೋಗ್ಯ ಸೇವೆ, ಅಂದರೆ ಎನ್‌ಎಚ್‌ಎಸ್, ಶುರುವಾಯಿತು. ಹೊರರೋಗಿಗಳನ್ನೆಲ್ಲ ಕ್ಲಿನಿಕ್ ತೆರೆಯುವ ಹೊತ್ತಿಗೇ ಕರೆಸಿ ಬೆಂಚಿನ ಮೇಲೆ ಕೂರಿಸುವ ರೂಢಿ ಆಗ ಸಾಮಾನ್ಯವಾಗಿತ್ತು. 1952ರಲ್ಲಿ ನಾರ್ಮನ್ ಬೈಲಿ ಎಂಬ ಸಂಖ್ಯಾಶಾಸ್ತ್ರಜ್ಞ ಈ ಕ್ಯೂ ಲೆಕ್ಕ ಹಾಕಿದರು. ಅವರ ಸೂತ್ರ ಸರಳ: ಆರಂಭದಲ್ಲಿ ಇಬ್ಬರನ್ನು ಕರೆಸಿ, ಆಮೇಲೆ ಒಬ್ಬರನ್ನು ನೋಡಲು ಸರಾಸರಿ ಎಷ್ಟು ಹೊತ್ತು ಬೇಕೋ ಅಷ್ಟು ಅಂತರದಲ್ಲಿ ಒಬ್ಬೊಬ್ಬರನ್ನೇ ಕರೆಸಿ. ಡಾಕ್ಟರೂ ಸುಮ್ಮನೆ ಕೂರಬಾರದು, ರೋಗಿಯೂ ಗಂಟೆಗಟ್ಟಲೆ ಕಾಯಬಾರದು. ಚೆಂದದ ಲೆಕ್ಕ. ಆದರೆ ಹೇಳಿದ ಹೊತ್ತಿಗೆ ಎಲ್ಲರೂ ಬಂದೇ ಬರುತ್ತಾರೆ ಅನ್ನೋ ಊಹೆಯ ಮೇಲೆ ಅದು ನಿಂತಿತ್ತು. ಬರದೇ ಹೋದವರ ದಿನ ಹೇಗಿತ್ತು ಅಂತ ಯಾವ ಸೂತ್ರವೂ ಕೇಳುವುದಿಲ್ಲ.

ರೋಗಿಯನ್ನೇ ಕೇಳುವ ದೊಡ್ಡ ಪ್ರಯತ್ನ ನಡೆದದ್ದು 2004ರಲ್ಲಿ. 'ಚೂಸ್ ಅಂಡ್ ಬುಕ್' ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಆಸ್ಪತ್ರೆ, ದಿನ, ಹೊತ್ತು ಮೂರನ್ನೂ ರೋಗಿಯೇ ಆರಿಸಬಹುದು; ಆಗದಿದ್ದರೆ ಬದಲಾಯಿಸಬಹುದು. ಆರಂಭ ಮಾತ್ರ ನಗೆಪಾಟಲಾಯಿತು. ಆ ವರ್ಷದ ಕೊನೆಗೆ 2,05,000 ಬುಕಿಂಗ್ ನಿರೀಕ್ಷಿಸಿದ್ದರು, ಆದದ್ದು 63! ಕುಟುಂಬ ವೈದ್ಯರು ಅದನ್ನು ಒಪ್ಪಲಿಲ್ಲ. ಸಾಫ್ಟ್‌ವೇರ್ ನಿಧಾನ ಎಂದರು. ಮುಂದೆ ಬಳಕೆ ಹೆಚ್ಚಿತು. ಆದರೂ ತೆರೆಯ ಮೇಲೆ ಖಾಲಿ ಸ್ಲಾಟೇ ಕಾಣುತ್ತಿಲ್ಲ ಎಂಬ ದೂರು ನಿಲ್ಲಲಿಲ್ಲ. 2015ರಲ್ಲಿ ಅದನ್ನು ಮುಚ್ಚಿ 'ಇ-ರೆಫರಲ್' ವ್ಯವಸ್ಥೆ ತಂದರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನ ಬಾರ್ಟ್ಸ್ ಆಸ್ಪತ್ರೆಗಳ ಸಮೂಹದಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ನೆನಪಿಸುವ ಎಸ್ಸೆಮ್ಮೆಸ್‌ನ ಮಾತನ್ನಷ್ಟೇ ಬದಲಿಸಿ ನೋಡಿದರು. ಮಾಮೂಲಿ ಎಸ್ಸೆಮ್ಮೆಸ್ ಪಡೆದವರಲ್ಲಿ 11.1% ಜನ ಬರಲಿಲ್ಲ. ನೀವು ಬರದಿದ್ದರೆ ಎನ್‌ಎಚ್‌ಎಸ್‌ಗೆ ಸುಮಾರು 160 ಪೌಂಡ್ ಖರ್ಚು ಎಂದು ತಿಳಿಸಿದಾಗ ಅದು 8.4%ಕ್ಕೆ ಇಳಿಯಿತು. ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ! ಮರೆತವರಿಗೂ ಉದಾಸೀನ ಮಾಡುವವರಿಗೂ ಇದು ಸಾಕು. ಆದರೆ ಬಸ್ಸೇ ಇಲ್ಲದವರಿಗೆ?

2015ರ ಜುಲೈನಲ್ಲಿ ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಿಗೂ ಆನ್‌ಲೈನ್ ನೋಂದಣಿ ಬಂತು. ದೆಹಲಿಯ ಏಮ್ಸ್, ನಮ್ಮ ನಿಮ್ಹಾನ್ಸ್ ಅದರಲ್ಲಿವೆ. ಬೆಳಗಿನ ಜಾವ ಚೀಟಿಗಾಗಿ ಕ್ಯೂ ನಿಂತವರಿಗೆ ಇದು ಎಂಥ ಉಪಕಾರ ಅಂತ ಗೊತ್ತು, ಅದನ್ನು ನಾನು ಹಗುರವಾಗಿ ನೋಡಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರೋಗಿ ಒಬ್ಬರು, ಮೊಬೈಲ್ ಹಿಡಿದವರು ಇನ್ನೊಬ್ಬರು. ಆರಿಸಿಕೊಳ್ಳುವ ಹಕ್ಕು ಮೊಬೈಲ್ ಇದ್ದವರ ಪಾಲಾಗುತ್ತದೆ. ಎಸ್ಸೆಮ್ಮೆಸ್ ಕೂಡ ಅವರಿಗೇ ಬರುತ್ತದೆ. ಅಪ್ಪನ ಅಪಾಯಿಂಟ್‌ಮೆಂಟ್ ನೆನಪಿಸುವ ಎಸ್ಸೆಮ್ಮೆಸ್ ಬಂದಿದ್ದು ನನ್ನ ಮೊಬೈಲಿಗೆ, ನಾನು ಪ್ರೆಸೆಂಟೇಷನ್ ಮಧ್ಯೆ ಇದ್ದಾಗ. ಬೆರಳಲ್ಲಿ ಪಕ್ಕಕ್ಕೆ ಸರಿಸಿದೆ. ಕ್ಯಾನ್ಸಲ್ ಮಾಡಿದ್ದರೂ ಆ ಒಂಬತ್ತು ಗಂಟೆ ಇನ್ಯಾರದೋ ಕಣ್ಣಿಗೆ ಸಿಗುತ್ತಿತ್ತು.

ಹಿಂದಿನ ಕಾಲದ ಆಸ್ಪತ್ರೆಗಳು ರೋಗಿಗಳಿಗೆ ಮಾಡಿದ್ದನ್ನೇ ನಾನು ಹೊಸ ಆ್ಯಪ್‌ನಲ್ಲಿ ನಮ್ಮಪ್ಪನಿಗೆ ಮಾಡಿದ್ದೆ.

ಈ ಸಲ ಮೊದಲು ಫೋನ್ ಮಾಡಿದೆ. "ಯಾವತ್ತು ಆಗತ್ತಪ್ಪಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗುರುವಾರ ನೋಡು. ಹನ್ನೊಂದರ ಮೇಲೆ."

ಗುರುವಾರ ಹನ್ನೊಂದೂವರೆಗೆ ಬುಕ್ ಮಾಡಿದೆ, ಅವರ ಮೊಬೈಲ್ ನಂಬರ್ ಕೊಟ್ಟು. ಹಿಂದಿನ ದಿನ ಸಂಜೆ ಅವರೇ ಫೋನ್ ಮಾಡಿದರು: "ನಂಗೊಂದು ಮೆಸೇಜ್ ಬಂದಿದೆ ಕಣೋ. ನಾಳೆ ಬನ್ನಿ ಅಂತಿದಾರೆ. ಹೋಗ್ತೀನಿ."