ಪಶ್ಚಿಮ ಘಟ್ಟದ ಕಾಡುತಾಳೆಗಳು ಮತ್ತು ಅವುಗಳ ಬೀಜಾಭಿವೃದ್ಧಿ

ತೆಂಗು, ಅಡಿಕೆಗಳ ಕುಟುಂಬವಾದ ಅರೆಕೇಸೀಗೆ ಸೇರಿ, ಯಾರೂ ನೆಡದೆ ಸಹ್ಯಾದ್ರಿಯ ಕಾಡು, ಹೊಳೆದಂಡೆ, ಕುರುಚಲು ಗುಡ್ಡಗಳಲ್ಲಿ ಬೆಳೆಯುವ ಸಸ್ಯಗಳನ್ನು ಒಟ್ಟಾಗಿ ಕಾಡುತಾಳೆಗಳೆನ್ನಬಹುದು. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 2,500 ಪ್ರಭೇದಗಳಿದ್ದು ಬಹುಪಾಲು ಉಷ್ಣವಲಯದವು. ಘಟ್ಟದಲ್ಲಿ ಬಗನಿ, ಶ್ರೀತಾಳೆ, ಈಚಲು, ಕಾಡಡಿಕೆ, ದಡಸಲು ಮತ್ತು ಹಲವು ಬಗೆಯ ಬೆತ್ತಗಳು ಮುಖ್ಯವಾದವು. ಕೇರಳ, ತಮಿಳುನಾಡುಗಳ ಎತ್ತರದ ಬಂಡೆಗಳಲ್ಲಿ ಬೆಳೆಯುವ ಬೆಂಟಿಂಕಿಯ ಕೊಂಡಪನ್ನ ಕೂಡ ಘಟ್ಟದ್ದೇ.

ಇವುಗಳ ದಾಖಲೆ ಹಳೆಯದು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ವಾನ್ ರೀಡನ ‘ಹೋರ್ಟಸ್ ಮಲಬಾರಿಕಸ್’ನ 12 ಸಂಪುಟಗಳಲ್ಲಿ ಬಗನಿ, ಶ್ರೀತಾಳೆಗಳ ಚಿತ್ರಗಳಿವೆ. 1753ರಲ್ಲಿ ಲಿನೇಯಸ್ ಇವೆರಡಕ್ಕೂ ಈಗಿನ ಹೆಸರು ಕೊಟ್ಟಾಗ ಆ ಗ್ರಂಥವನ್ನು ಆಧರಿಸಿದ್ದ. ಭಾರತದ ತಾಳೆಗಳ ಬಗ್ಗೆ ಎಥೆಲ್ಬರ್ಟ್ ಬ್ಲಾಟರ್ 1926ರಲ್ಲಿ ಪ್ರಕಟಿಸಿದ ಗ್ರಂಥವನ್ನು ಸಸ್ಯಶಾಸ್ತ್ರಜ್ಞರು ಇಂದಿಗೂ ತೆರೆದು ನೋಡುತ್ತಾರೆ.

ಬೀಜವೇ ಏಕೆ

ತಾಳೆ ಏಕದಳ ಸಸ್ಯ. ಮಾವು, ಹಲಸುಗಳಿಗಿರುವಂತೆ ತೊಗಟೆಯಡಿ ವರ್ಧನ ಪದರ ಇದಕ್ಕಿಲ್ಲ. ಆದ್ದರಿಂದ ಕಸಿ ಹಿಡಿಯುವುದಿಲ್ಲ, ಕಡ್ಡಿ ನೆಟ್ಟರೆ ಬೇರು ಬರುವುದಿಲ್ಲ. ಒಂಟಿ ಕಾಂಡದ ತಾಳೆಗೆ ಇರುವುದು ಒಂದೇ ಸುಳಿ. ಅದು ಕೊಳೆತರೆ ಮರ ಸತ್ತಂತೆ. ಗುಂಪಾಗಿ ಹಿಳ್ಳೊಡೆಯುವ ಕಾಡಡಿಕೆ, ಬೆತ್ತಗಳನ್ನು ಬೇರು ಸಮೇತ ಬಿಡಿಸಿ ನೆಡಬಹುದಾದರೂ ಹಾಗೆ ಕಿತ್ತ ಗಿಡಗಳು ಬಹಳಷ್ಟು ಸಾಯುತ್ತವೆ. ಕಾಡಿನ ಗಿಡಕ್ಕೂ ಪೆಟ್ಟು. ಬಗನಿ, ಶ್ರೀತಾಳೆಗಳಿಗಂತೂ ಬೀಜ ಬಿಟ್ಟು ಬೇರೆ ದಾರಿಯೇ ಇಲ್ಲ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಬಗನಿ, ಅಂದರೆ ಬೈನೆ, ಬಾಳುವುದೆಲ್ಲ ಒಂದು ಸಲ ಹೂಬಿಟ್ಟು ಮುಗಿಯುವುದಕ್ಕಾಗಿ. ಮರ ಪೂರ್ತಿ ಎತ್ತರಕ್ಕೆ ಬೆಳೆದ ಮೇಲೆ ಮೊದಲ ಹೊಂಬಾಳೆ ತುದಿಯಲ್ಲಿ ಬರುತ್ತದೆ. ನಂತರದವು ಒಂದೊಂದಾಗಿ ಕೆಳಕೆಳಗಿನ ಗೆಣ್ಣುಗಳಲ್ಲಿ. ಕೆಲವು ವರ್ಷಗಳಲ್ಲಿ ಕಟ್ಟಕಡೆಯ ಗೊನೆ ಹಣ್ಣಾಗುವ ಹೊತ್ತಿಗೆ ಮರ ಒಣಗಿರುತ್ತದೆ. ಕಳ್ಳು ಇಳಿಸಲು ಹೊಂಬಾಳೆ ಕೊಯ್ದರೆ ಆ ಹೊಂಬಾಳೆಯಲ್ಲಿ ಕಾಯಿಲ್ಲ. ಆನೆಯ ಮೇವಿಗೋ ತಿರುಳಿನ ಹಿಟ್ಟಿಗೋ ಹೂಬಿಡುವ ಮೊದಲೇ ಕಡಿದರೆ ಆ ಮರದ ಸಂತತಿ ಅಲ್ಲಿಗೆ ಮುಗಿಯಿತು. ಊರ ಹತ್ತಿರದ ಬೆಟ್ಟಗಳಲ್ಲಿ ಬಗನಿ ವಿರಳವಾಗಲು ಈ ಲೆಕ್ಕವನ್ನು ಯಾರೂ ಹಾಕದಿರುವುದೂ ಕಾರಣವೆಂದು ಈ ಲೇಖಕರ ಅಭಿಪ್ರಾಯ.

ಶ್ರೀತಾಳೆಯದು ಇನ್ನೂ ಉಗ್ರ ವ್ರತ. ಮೂವತ್ತರಿಂದ ಎಂಬತ್ತು ವರ್ಷ ಬರಿಯ ಎಲೆ ಬೆಳೆಸಿ, ನೆತ್ತಿಯ ಮೇಲೆ ಒಂದೇ ಒಂದು ಬೃಹತ್ ಹೂಗೊಂಚಲನ್ನು ಎತ್ತಿ, ಕಾಯಿ ಬಲಿತ ಮೇಲೆ ಸಾಯುತ್ತದೆ. ಕವಲೊಡೆದ ಹೂಗೊಂಚಲುಗಳಲ್ಲಿ ಸಸ್ಯಲೋಕದಲ್ಲೇ ಇದು ಅತಿ ದೊಡ್ಡದು. ಕಾಯಿ ಮಾಗಲು ಸುಮಾರು ಒಂದು ವರ್ಷ ಬೇಕು. ಇದರ ಗರಿಗಳ ಮೇಲೆ ಕಂಟದಿಂದ ಬರೆದ ಓಲೆಗಳಲ್ಲಿ ನಮ್ಮ ಹಳೆಯ ಸಾಹಿತ್ಯದ ಒಂದು ಪಾಲು ಉಳಿದು ಬಂದಿದೆ; ದಂತದಷ್ಟು ಗಟ್ಟಿಯಾದ ಬೀಜದಿಂದ ಮಣಿ, ಗುಂಡಿಗಳನ್ನು ಮಾಡುತ್ತಿದ್ದರು.

ಬೀಜ ಸಂಗ್ರಹ

ಕಾಡುತಾಳೆಯ ಬೀಜವನ್ನು ಭತ್ತ, ರಾಗಿಯಂತೆ ಒಣಗಿಸಿ ಇಡಬಾರದು. ಮುಖ್ಯವಾಗಿ ಮಳೆಕಾಡಿನ ತಾಳೆಗಳಾದ ಬೆತ್ತ, ಕಾಡಡಿಕೆಗಳಲ್ಲಿ ನೀರಿನಂಶ ಇಳಿದಂತೆ ಭ್ರೂಣ ಸಾಯುತ್ತದೆ. ಬಿಸಿಲಿನಲ್ಲಿ ಹರಡಿದ ಬೆತ್ತದ ಬೀಜ ನೋಡಲು ಚೆನ್ನಾಗಿಯೇ ಇರುತ್ತದೆ, ಮೊಳೆಯುವುದಿಲ್ಲ. ಬಯಲಿನ ಈಚಲು ಮಾತ್ರ ಒಣಗುವುದನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಪೂರ್ತಿ ಮಾಗಿ ತಾನಾಗಿ ಉದುರಿದ ಹಣ್ಣು ಉತ್ತಮ. ಹಸಿರುಗಾಯಿ ಕೊಯ್ದರೆ ಭ್ರೂಣ ಬಲಿತಿರುವುದಿಲ್ಲ.

ಬಗನಿಯ ಕೆಂಪು ಹಣ್ಣನ್ನು ಬರಿಗೈಯಲ್ಲಿ ಹಿಸುಕಬಾರದು. ತಿರುಳಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳು ಚರ್ಮಕ್ಕೆ ಚುಚ್ಚಿ ತೀವ್ರವಾದ ಉರಿ, ತುರಿಕೆ ತರುತ್ತವೆ. ಲಿನೇಯಸ್ ಇಟ್ಟ ‘ಯೂರೆನ್ಸ್’ ಎಂಬ ಹೆಸರು ಸೂಚಿಸುವುದೂ ಈ ಉರಿಯನ್ನೇ. ದಡಸಲು, ಅಂದರೆ ಅರೆಂಗ ವೈಟಿಯೈ, ಅದರ ಹಣ್ಣೂ ಹಾಗೆಯೇ. ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು, ಹಣ್ಣನ್ನು ಎರಡು ಮೂರು ದಿನ ನೀರಿನಲ್ಲಿ ನೆನೆಸಿ, ಒರಟು ಮರಳಿನೊಡನೆ ಉಜ್ಜಿ ತೊಳೆಯುವುದು ಕ್ರಮ. ಬಗನಿಯ ಹಣ್ಣು ತಿನ್ನುವ ಕಬ್ಬೆಕ್ಕು ಈ ಕೆಲಸವನ್ನು ನಮಗಿಂತ ಅಚ್ಚುಕಟ್ಟಾಗಿ ಮಾಡುತ್ತದೆ: ಬಂಡೆಯ ಮೇಲೆ, ಬಿದ್ದ ಮರದ ಮೇಲೆ ಅದು ಹಾಕಿದ ಹಿಕ್ಕೆಯಲ್ಲಿ ಶುಭ್ರವಾದ ಬೀಜಗಳು ಸಿಗುತ್ತವೆ. ಬೆತ್ತದ ಕಾಯಿಗೆ ಹಲ್ಲಿ ಚರ್ಮದಂಥ ಹುರುಪೆಯ ಸಿಪ್ಪೆ. ಅದನ್ನು ಸುಲಿದು ಒಳಗಿನ ತಿರುಳನ್ನೂ ಪೂರ್ತಿ ತೆಗೆಯದಿದ್ದರೆ ಮೊಳಕೆ ತಡವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ.

ಒಂದೇ ಮರದ ಬೀಜದಿಂದ ಇಡೀ ತೋಪು ಎಬ್ಬಿಸುವುದು ಸರಿಯಲ್ಲ; ದೂರದೂರದ ಹಲವು ಮರಗಳಿಂದ ಸ್ವಲ್ಪ ಸ್ವಲ್ಪ ಆಯಬೇಕು. ಈಚಲು, ಬೆತ್ತಗಳಲ್ಲಿ ಗಂಡು ಹೆಣ್ಣು ಗಿಡ ಬೇರೆಯಾದ್ದರಿಂದ ಇದು ಇನ್ನೂ ಮುಖ್ಯ. ಮರದಡಿ ಬಿದ್ದದ್ದನ್ನೆಲ್ಲ ಗುಡಿಸಿ ತರುವುದೂ ತಪ್ಪು. ಮಂಗಟ್ಟೆ ಹಕ್ಕಿ, ಕಬ್ಬೆಕ್ಕುಗಳಿಗೆ ಅದು ಆಹಾರ, ಕಾಡಿಗೆ ಅದೇ ಬಿತ್ತನೆ. ಮೀಸಲು ಅರಣ್ಯ, ಅಭಯಾರಣ್ಯಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೀಜ ಆಯುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗಳು ಅನ್ವಯಿಸುತ್ತವೆ.

ಮೊಳಕೆಯ ಬಗೆ

ತಾಳೆಯ ಬೀಜ ಒಡೆಯುವುದನ್ನು ಗಮನಿಸಿದವರಿಗೆ ಅದರ ಸಾಕಣೆ ಅರ್ಧ ತಿಳಿದಂತೆ. ಬೀಜದೊಳಗೆ ಭ್ರೂಣ ತೀರ ಪುಟ್ಟದು, ಭ್ರೂಣಾಹಾರ ಕಲ್ಲಿನಂತೆ ಗಟ್ಟಿ. ಬೀಜದಳದ ಒಂದು ತುದಿ ಬೀಜದೊಳಗೇ ಉಳಿದು, ಉಬ್ಬಿ, ಆ ಗಟ್ಟಿ ಆಹಾರವನ್ನು ಕರಗಿಸಿ ಹೀರುತ್ತದೆ. ಮೊಳೆತ ತೆಂಗಿನಕಾಯಿಯನ್ನು ಒಡೆದರೆ ಸಿಗುವ ಸಿಹಿಯಾದ ಹೂವು ಇದೇ ಅಂಗ. ಇನ್ನೊಂದು ತುದಿ ಹೊರಬಂದು ಬೇರು, ಸುಳಿಗಳನ್ನು ಹೊತ್ತೊಯ್ಯುತ್ತದೆ. ಎಷ್ಟು ದೂರಕ್ಕೆ ಎಂಬುದರಲ್ಲಿ ತಾಳೆಗಳು ಎರಡು ಪಂಗಡ.

ಅಡಿಕೆ, ಕಾಡಡಿಕೆ, ಬೆತ್ತಗಳಲ್ಲಿ ಸಸಿ ಬೀಜಕ್ಕೆ ಅಂಟಿಕೊಂಡೇ ಮೇಲೇಳುತ್ತದೆ. ಅಗಲವಾದ ತಟ್ಟೆ, ಸಾಮಾನ್ಯ ಪಾಲಿಥೀನ್ ಚೀಲ ಸಾಕು. ಬಗನಿ, ಶ್ರೀತಾಳೆ, ಈಚಲು, ದಡಸಲುಗಳಲ್ಲಿ ಹಾಗಲ್ಲ: ಬೀಜದಳ ಕೊಳವೆಯಂತೆ ಉದ್ದವಾಗಿ ಭ್ರೂಣವನ್ನು ನೆಲದೊಳಕ್ಕೆ ಒಯ್ದು, ಬೀಜದಿಂದ ದೂರದಲ್ಲಿ ಸಸಿ ಏಳಿಸುತ್ತದೆ. ಶ್ರೀತಾಳೆಯಲ್ಲಿ ಈ ಇಳಿತ ಬಹಳ ಆಳ. ಬೇಸಗೆಯ ಬಿಸಿಲು, ಬೆಂಕಿ, ದನದ ಬಾಯಿಗಳಿಂದ ಸುಳಿಯನ್ನು ಕಾಯುವ ಉಪಾಯವಿದು. ಇಂಥವನ್ನು ಮೋಟು ಕುಂಡದಲ್ಲಿ ಹಾಕಿದರೆ ಬೇರು ತಳ ತಾಗಿ ಸುತ್ತಿಕೊಳ್ಳುತ್ತದೆ. ಕನಿಷ್ಠ ಒಂದೂವರೆ ಅಡಿ ಆಳದ ಚೀಲವೋ ಬಿದಿರಿನ ಅಂಡೆಯೋ ಬೇಕು. ಶ್ರೀತಾಳೆಯನ್ನು ಮರ ಬೆಳೆಯಬೇಕಾದ ಜಾಗದಲ್ಲೇ ಬಿತ್ತುವುದು ಎಲ್ಲಕ್ಕಿಂತ ಲೇಸು.

ಬಿತ್ತನೆ ಮತ್ತು ಆರೈಕೆ

ಮರಳು ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿದ ಪಾತಿಯಲ್ಲಿ ಬೀಜವನ್ನು ಅದರ ದಪ್ಪದಷ್ಟೇ ಆಳಕ್ಕೆ ಹೂಳಬೇಕು. ಹೆಚ್ಚಿನ ತಾಳೆಗಳಿಗೆ 29ರಿಂದ 35 ಡಿಗ್ರಿ ಸೆಲ್ಸಿಯಸ್ ಹಿತ. ಕರಾವಳಿಯ ಬೇಸಗೆ ತಾನಾಗಿ ಕೊಡುವ ಕಾವು ಅದು. ಮಲೆನಾಡಿನ ಚಳಿಗಾಲದಲ್ಲಿ ಬಿತ್ತಿದ್ದು ಸುಮ್ಮನೆ ಮಲಗಿರುತ್ತದೆ. ತೇವ ಆರಬಾರದು, ನೀರು ನಿಲ್ಲಬಾರದು. ಜಾಗ ಕಡಿಮೆಯಿದ್ದವರು ನಾರಿನ ಪುಡಿಯನ್ನು ನೆನೆಸಿ, ಹಿಂಡಿದರೆ ತೊಟ್ಟಿಕ್ಕದಂತೆ ಮಾಡಿ, ಬೀಜದೊಂದಿಗೆ ಪಾಲಿಥೀನ್ ಚೀಲದಲ್ಲಿ ಕಟ್ಟಿ ನೆರಳಿನ ಬೆಚ್ಚಗಿನ ಮೂಲೆಯಲ್ಲಿಟ್ಟು ವಾರಕ್ಕೊಮ್ಮೆ ನೋಡಬಹುದು.

ಒಂದೇ ಗೊನೆಯ ಬೀಜಗಳೂ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ವಾರಗಳಲ್ಲಿ, ಕೆಲವು ತಿಂಗಳುಗಳಲ್ಲಿ, ಹಿಂದುಳಿದವು ವರ್ಷ ಕಳೆದ ಮೇಲೂ ಏಳುತ್ತವೆ. ಪಾತಿ ಅಗೆದು ಚೆಲ್ಲುವ ಅವಸರದಲ್ಲೇ ಬಹಳಷ್ಟು ಬೀಜ ಹಾಳಾಗುತ್ತದೆ. ಬೆತ್ತದಲ್ಲಿ ಭ್ರೂಣದ ಮೇಲಿನ ಮುಚ್ಚಳವನ್ನು ನಾಜೂಕಾಗಿ ಎಬ್ಬಿಸಿದರೆ ಮೊಳಕೆ ಬೇಗ ಬರುತ್ತದೆ. ಜಿಬ್ಬರೆಲಿಕ್ ಆಮ್ಲ ಬಳಸುವುದುಂಟು, ಆದರೆ ಸಸಿ ಸೊರಗಿ ಉದ್ದವಾಗಿ ವಾಲುವುದರಿಂದ ಅದು ಯೋಗ್ಯವಲ್ಲ.

ಮೊದಲ ಒಂದೆರಡು ಎಲೆ ಬಿಚ್ಚಿದಾಗ ಸಸಿಯನ್ನು ಬದಲಿಸಬಹುದು. ಆಗ ಬೀಜ ಅಂಟಿಕೊಂಡಿದ್ದರೆ ಕೀಳಬಾರದು, ಗಿಡ ಇನ್ನೂ ಅದರಿಂದಲೇ ಉಣ್ಣುತ್ತಿರುತ್ತದೆ. ಮೊದಲ ವರ್ಷಗಳಲ್ಲಿ ಎಲ್ಲಕ್ಕೂ ಅರೆನೆರಳು ಬೇಕು. ಮುಂದೆ ಈಚಲು, ಶ್ರೀತಾಳೆಗಳು ಬಿಸಿಲಿಗೆ ಬರಬೇಕು. ಕಾಡಡಿಕೆ ಹೊಳೆಯ ತಂಪು ನೆರಳು ಬಿಟ್ಟರೆ ಎಲೆ ಸುಟ್ಟುಕೊಳ್ಳುತ್ತದೆ. ಬೆತ್ತಕ್ಕೆ ಹತ್ತಲು ಮರ ಬೇಕು. ಕುರುವಾಯಿ ದುಂಬಿ, ಕೆಂಪು ಮೂತಿ ಹುಳುಗಳು ತೋಟದ ತೆಂಗಿಗೆ ಬಂದಂತೆ ಇವಕ್ಕೂ ಬರುತ್ತವೆ.

ಕರಾವಳಿಯ ಕೆಲವೆಡೆ ಶ್ರೀತಾಳೆ ಹೂಬಿಟ್ಟರೆ ಕೇಡೆಂದು ನಂಬಿ ಮರವನ್ನು ಉರುಳಿಸುವುದುಂಟು. ಆ ಮರಕ್ಕೆ ಅದು ಮೊದಲ ಹೂವೂ ಹೌದು, ಕೊನೆಯದೂ ಹೌದು. ತಮ್ಮ ಜಮೀನಿನಲ್ಲಿ ಶ್ರೀತಾಳೆ ಹೂಬಿಟ್ಟವರು ಕಾಯಿ ಬಲಿತು ಉದುರುವ ಒಂದು ವರ್ಷದ ಮಟ್ಟಿಗೆ ಕೊಡಲಿಯನ್ನು ದೂರವಿಟ್ಟು, ಬೀಜವನ್ನು ನಾಲ್ಕು ಊರಿಗೆ ಹಂಚಬೇಕು.